ಬ್ಯೋರ್ಕಾ ಮಹಾಶಯರು ಕೊನೆಗೂ ಬಾಯಿಬಿಟ್ಟ ಬಗ್ಗೆ ಒಂದು ದೂರು

ಗೆ,
ಮಾನ್ಯ ಶ್ರೀ ಬ್ಯೋರ್ಕಾ ಹದಿನಾರು ಅವರು,
ಕಂಪ್ಯೂಟರ್ (ನಿವೃತ್ತಿಯನ್ನು ಇನ್ನೂ ಒಪ್ಪಿಕೊಳ್ಳದವರು),
ನನ್ನ ಅಡುಗೆಮನೆಯ ಬೆಂಚು, ಹಳೆಯ ಕೌದಿಯ ಕೆಳಗೆ,
ಕ್ವಾರ್ನ್‌ಹುಲ್ತ್ ಗ್ರಾಮ.

ವಿಷಯ: ತಾವು ಮೂವತ್ಮೂರು ವರ್ಷ ಸುಮ್ಮನಿದ್ದು, ಈಗ ಮಾತನಾಡಿದ ಕುರಿತು.
ಪ್ರತಿ: ಊರ ಅಂಚೆ ಡಬ್ಬಿಗಳ ಪಕ್ಕದ ಫಲಕಕ್ಕೆ. ಹೇಗೂ ಎಲ್ಲರಿಗೂ ಗೊತ್ತಾಗಿದೆ.

ಮಾನ್ಯರೇ,

ಸವಿನಯ ವಂದನೆಗಳು. ತಮ್ಮ ಹಸಿರು ಪರದೆಯೂ, ಎಡಮಗ್ಗುಲಿಗೆ ಒಂದೇಟು ಬೀಳದ ಹೊರತು ತಿರುಗದ ತಮ್ಮ ಬೀಸಣಿಗೆಯೂ, ಒಟ್ಟು ಇಪ್ಪತ್ತೆಂಟು ಕಿಲೋ ತೂಗುವ ತಮ್ಮ ದೇಹವೂ ಕ್ಷೇಮವೆಂದು ನಂಬುತ್ತೇನೆ. ನಮ್ಮ ಸ್ವೀಡನ್ನಿನಲ್ಲಿ ಮಂತ್ರಿಯಿಂದ ಹಿಡಿದು ಹಿಮ ಗೋರುವವನವರೆಗೆ ಎಲ್ಲರನ್ನೂ ‘ನೀನು’ ಎಂದೇ ಕರೆಯುವುದು ವಾಡಿಕೆ. ಯಾರಾದರೂ ಯಾರನ್ನಾದರೂ ‘ತಾವು’ ಎಂದರೆ ಅವರಿಬ್ಬರ ನಡುವೆ ಏನೋ ಕೆಟ್ಟಿದೆ ಎಂದೇ ಅರ್ಥ. ನನ್ನ ಎಪ್ಪತ್ತಮೂರು ವರ್ಷಗಳಲ್ಲಿ ನಾನು ‘ತಾವು’ ಎಂದು ಕರೆಯುತ್ತಿರುವುದು ತಮ್ಮೊಬ್ಬರನ್ನೇ ಎಂಬುದನ್ನು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ. ನಲವತ್ತು ವರ್ಷ ಈ ಸುತ್ತಲಿನ ಹಳ್ಳಿಗಳಿಗೆ ಅಂಚೆ ಹಂಚಿದವನು ನಾನು. ಬೇರೆಯವರ ದೂರುಗಳನ್ನು ಸಾವಿರಗಟ್ಟಲೆ ಹೊತ್ತಿದ್ದೇನೆ, ನನ್ನದೇ ಒಂದನ್ನು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಅಲ್ಲಲ್ಲಿ ಮಾತು ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಾವು ಕೌದಿಯ ಕೆಳಗೆ ನೆಮ್ಮದಿಯಾಗಿದ್ದಾಗ ಹೊರಗೆ ನಡೆದದ್ದೇನೆಂದರೆ, ನಮ್ಮ ಊರ ಒಲೆಮನೆ ಇರುವ ಜಮೀನನ್ನು ಮಾಲ್ಮೋ ನಗರದ ದಂತವೈದ್ಯ ಕ್ರೋನ್‌ವಾಲ್ ಎಂಬಾತ ಕೊಂಡ. ಊರವರೆಲ್ಲ ಬ್ರೆಡ್ಡು ಸುಡಲೆಂದು ಹಿಂದಿನವರು ಕಟ್ಟಿದ ಆ ಕಲ್ಲಿನ ಮನೆಯಲ್ಲಿ ಒಂದು ದೊಡ್ಡ ಸೌದೆ ಒಲೆ, ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಕೋಣೆ. ಕೋಣೆಯಲ್ಲಿ ಮಾಯ್ವೋರ್ ಇದ್ದಾಳೆ. ಹೊಲಿಗೆ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡು, ಉತ್ತರದ ಕಡೆಯಿಂದ ಒಂದೇ ಒಂದು ಪೆಟ್ಟಿಗೆ ಹಿಡಿದು ಬಂದ ಆಕೆಗೆ, ೧೯೮೪ರಲ್ಲಿ ನಮ್ಮ ಗ್ರಾಮಸಭೆ ‘ಬದುಕಿರುವ ತನಕ ಈ ಕೋಣೆ ನಿನ್ನದು, ಒಲೆ ಉರಿಸುವ ಕೆಲಸವೂ ನಿನ್ನದು’ ಎಂದು ನಿರ್ಣಯ ಮಾಡಿ ಕೊಟ್ಟದ್ದು. ಈಗ ಆಕೆಗೆ ಎಂಬತ್ತಾರು. ದಂತವೈದ್ಯನಿಗೆ ಆ ಮನೆ ಬೇಸಿಗೆಯ ಅತಿಥಿಗಳನ್ನು ಮಲಗಿಸಲು ಬೇಕಾಗಿತ್ತು. ನಾನು ಹೋಗಿ ನಿರ್ಣಯದ ಸಂಗತಿ ಹೇಳಿದೆ, ಇಡೀ ಊರು ಒಕ್ಕೊರಲಿನಿಂದ ಮಾಡಿದ ನಿರ್ಣಯ ಎಂದು ಎದೆತಟ್ಟಿಯೇ ಹೇಳಿದೆ. ಆತ ಕೆಟ್ಟವನಲ್ಲ, ಶಾಂತವಾಗಿಯೇ ಉತ್ತರಿಸಿದ.

“ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾನು ಅನ್ನಲ್ಲ ಸಿಕ್ಸ್ಟೆನ್. ಆದ್ರೆ ಬಾಯಿಮಾತು ಇಟ್ಕೊಂಡು ನಾನೇನು ಮಾಡ್ಲಿ? ಬರಹದಲ್ಲಿ ತೋರ್ಸು, ಕೆಳಗೆ ಕಾರ್ಯದರ್ಶಿ ಹೆಸರು ಇರ್ಬೇಕು. ತೋರ್ಸಿದ್ರೆ ಆಯಮ್ಮನ ಬಾಗಿಲ ಚಿಲಕ ಕೂಡ ಮುಟ್ಟಲ್ಲ. ಇಲ್ಲಾಂದ್ರೆ ಮೇ ಹದಿನಾಲ್ಕಕ್ಕೆ ಬಡಗಿಗಳು ಬರ್ತಾರೆ.”

ಆ ಬರಹ ಎಲ್ಲಿದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಫಲಕದ ಮುಂದೆ ನಿಂತು ಓದುವ ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ಊರ ಕಾಗದಪತ್ರ ಇಡುವ ಮರದ ಪೆಟ್ಟಿಗೆಗೆ ಇನ್ನೂರು ವರ್ಷಗಳಿಂದ ಮೂರು ಬೀಗ, ಮೂರು ಬೀಗಕ್ಕೆ ಮೂರು ಮನೆ. ಒಬ್ಬನೇ ತೆರೆದು ಏನನ್ನಾದರೂ ತಿದ್ದಿಬಿಟ್ಟಾನು ಎಂಬ ಭಯಕ್ಕೆ ಹಿಂದಿನವರು ಮಾಡಿದ ಏರ್ಪಾಡು ಅದು, ಮತ್ತು ನಮ್ಮವರನ್ನು ಬಲ್ಲವರು ಆ ಭಯ ಅತಿಯಾಯಿತು ಎನ್ನಲಾರರು. ೧೯೯೨ರಲ್ಲಿ ಸಭೆಯ ಕಾರ್ಯದರ್ಶಿಯಾಗಿದ್ದ ಫೋಲ್ಕೆ ಮೇಷ್ಟ್ರು ಶಾಲೆಯವರು ಹೊರಗೆಸೆದಿದ್ದ ತಮ್ಮನ್ನು ಮನೆಗೆ ತಂದು, ಇಲಿ ತಿಂದು ಬೂಷ್ಟು ಹಿಡಿದಿದ್ದ ಹದಿನಾಲ್ಕು ವರ್ಷಗಳ ನಡಾವಳಿಯನ್ನು ಒಂದು ಚಳಿಗಾಲ ಪೂರ್ತಿ ಕೂತು ತಮ್ಮೊಳಗೆ ಬೆರಳಚ್ಚು ಮಾಡಿದರು. ಆಮೇಲೆ ಅದನ್ನು ಅದುಮಿ ಚಿಕ್ಕದು ಮಾಡಲು ಮೇಷ್ಟ್ರೇ ಒಂದು ಪ್ರೋಗ್ರಾಂ ಬರೆದರು. ಅದರ ಗುಟ್ಟು ಇಷ್ಟೇ: ಮತ್ತೆ ಮತ್ತೆ ಬರುವ ಮಾತನ್ನು ಒಮ್ಮೆ ಮಾತ್ರ ಬರೆದುಕೊಂಡು, ಮಿಕ್ಕ ಕಡೆಯಲ್ಲೆಲ್ಲ ‘ಮೇಲಿನಂತೆಯೇ’ ಎಂದು ಒಂದು ಗುರುತು ಹಾಕುವುದು. ‘ರಸ್ತೆಗೆ ಜಲ್ಲಿ ಹಾಕುವ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು’ ಎಂಬ ವಾಕ್ಯವೊಂದೇ ಐವತ್ತಾರು ಬಾರಿ ಇತ್ತಂತೆ. ನಮ್ಮ ಹದಿನಾಲ್ಕು ವರ್ಷಗಳ ವಾದವಿವಾದ ಒಂದೇ ಫ್ಲಾಪಿಯಲ್ಲಿ ಕೂತು ಇನ್ನೂ ಕಾಲು ಚಾಚುವಷ್ಟು ಜಾಗ ಉಳಿಯಿತು ಎಂದಾಗ ಸಭೆಯಲ್ಲಿ ಯಾರಿಗೂ ನಗು ಬರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೂರು ಬೀಗದ ಊರಿನವರು ಒಂದು ಫ್ಲಾಪಿಗೆ ಒಪ್ಪುತ್ತಾರೆಯೇ? ಅದುಮಿದ ಫೈಲನ್ನು ಮೂರು ತುಂಡು ಮಾಡಿ ಮೂರು ಬೀಗದ ಮನೆಗಳಲ್ಲಿ ಒಂದೊಂದು ಇಡತಕ್ಕದ್ದು ಎಂದು ನಿರ್ಣಯವಾಯಿತು. ಒಂದು ತುಂಡು ಮೇಷ್ಟ್ರ ಮನೆಯಲ್ಲಿ ತಮ್ಮ ಬಳಿ; ಎರಡನೆಯದು ಚರ್ಚಿನಲ್ಲಿ ಆರ್ಗನ್ ನುಡಿಸುವ ದಾಗ್ನಿಯ ಮನೆಯ ಜರ್ಮನ್ ಯಂತ್ರಕ್ಕೆ; ಮೂರನೆಯದು ನಲ್ಲಿ ರಿಪೇರಿಯ ಯೆರ್ಕೆರ್‌ನ ಮನೆಯ ಇಂಗ್ಲಿಷ್ ಆಟದ ಯಂತ್ರಕ್ಕೆ. ಒಂದು ಯಂತ್ರದ ಫ್ಲಾಪಿಯನ್ನು ಇನ್ನೊಂದು ಓದುವುದಿಲ್ಲ, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ ಎಂದು ಮೇಷ್ಟ್ರು ಎಚ್ಚರಿಸಿದಾಗ ಸಭೆ ಚಪ್ಪಾಳೆ ತಟ್ಟಿತು, ಬೀಗ ಇನ್ನೂ ಗಟ್ಟಿಯಾಯಿತಲ್ಲ ಎಂದು. ಮೇಷ್ಟ್ರು ತಮ್ಮನ್ನು ಒಂಟಿ ಚಕ್ರದ ಕೈಗಾಡಿಯಲ್ಲಿ ಕೂರಿಸಿ ಮನೆಯಿಂದ ಮನೆಗೆ ತಳ್ಳಿಕೊಂಡು ಹೋಗಿ, ಕೇಬಲ್ ಸಿಕ್ಕಿಸಿ, ತುಂಡುಗಳನ್ನು ದಾಟಿಸಿ ಬಂದರು. ಎಲ್ಲ ಭದ್ರವಾಯಿತು ಎಂಬ ಸಂತೋಷಕ್ಕೆ ನಾವು ಮೂಲ ಕಾಗದಗಳನ್ನು ಏಪ್ರಿಲ್ ಮೂವತ್ತರ ವಾಲ್ಬೊರಿ ಹಬ್ಬದ ಬೆಂಕಿಗೆ ಹಾಕಿ, ಸುತ್ತ ನಿಂತು ವಸಂತದ ಹಾಡು ಹಾಡಿದೆವು. ಚೆನ್ನಾಗಿ ಉರಿದವು.

ಮೇಷ್ಟ್ರು ತೀರಿಕೊಂಡಾಗ ಮರಣಪತ್ರದಲ್ಲಿ ತಮ್ಮನ್ನೂ ತಮ್ಮ ಪಾಲಿನ ಫ್ಲಾಪಿಯನ್ನೂ ನನ್ನ ಹೆಸರಿಗೆ ಬರೆದಿಟ್ಟಿದ್ದರು. ನೆರೆಯವನೆಂಬ ಪ್ರೀತಿಗೆ ಎಂದುಕೊಂಡಿದ್ದೆ. ಮೇಷ್ಟ್ರ ಪ್ರೋಗ್ರಾಂ ತಮ್ಮ ಹೊಟ್ಟೆಯಲ್ಲಲ್ಲದೆ ಇನ್ನೆಲ್ಲೂ ಓಡದು, ಆದ್ದರಿಂದ ಮೂರು ತುಂಡೂ ತಮ್ಮ ಬಳಿಗೇ ಬರಬೇಕು. ಈ ಏಪ್ರಿಲ್‌ನಲ್ಲಿ ಕೌದಿ ಸರಿಸಿ ತಮ್ಮನ್ನು ಎಬ್ಬಿಸಿದೆ. ತಾವು ತಾರೀಖು ಕೇಳಿದಿರಿ. ೨೦೨೫ ಎಂದು ಬರೆದೆ, ಅಂಥ ವರ್ಷವೇ ಇಲ್ಲ ಎಂದಿರಿ. ಹನ್ನೊಂದು ಬಾರಿ ಬೇಡಿಕೊಂಡು, ಕೊನೆಗೆ ೧೯೯೨ ಎಂದು ಸುಳ್ಳು ಬರೆದಾಗ ಪ್ರಸನ್ನರಾದಿರಿ. ಸತ್ಯ ಹೇಳಿದವನನ್ನು ಹೊರಗೆ ನಿಲ್ಲಿಸಿ, ಸುಳ್ಳು ಹೇಳಿದವನಿಗೆ ಬಾಗಿಲು ತೆಗೆಯುವ ತಮ್ಮ ಈ ಗುಣ ದೊಡ್ಡ ಹುದ್ದೆಗಳಿಗೆ ಹೇಳಿಮಾಡಿಸಿದ್ದು ಎಂದು ಆಗಲೇ ನನಗೆ ಗೌರವ ಹುಟ್ಟಿತು.

ನಂತರ ತಮ್ಮನ್ನು ಕೈಗಾಡಿಯಲ್ಲಿ ದಾಗ್ನಿಯ ಮನೆಗೆ ಕರೆದೊಯ್ದದ್ದು ತಮಗೆ ನೆನಪಿರಬಹುದು, ನನ್ನ ಸೊಂಟಕ್ಕಂತೂ ಇದೆ. ಆಕೆಯ ಜರ್ಮನ್ ಯಂತ್ರ ತುಂಡನ್ನು ಕಳಿಸಲು, ತಾವು ಅದನ್ನು ನುಂಗಲು ಒಂದೂವರೆ ಗಂಟೆ. ಅಷ್ಟು ಹೊತ್ತು ದಾಗ್ನಿ ಕಾಫಿಯ ಜೊತೆ ಏಳು ಬಗೆಯ ಬಿಸ್ಕತ್ತು ಇಟ್ಟಳು. ಆರಿಟ್ಟರೆ ಆಕೆಗೆ ಅವಮಾನ, ಏಳರಲ್ಲಿ ಒಂದನ್ನು ಬಿಟ್ಟರೆ ನಾನು ಅಹಂಕಾರಿ, ಆದ್ದರಿಂದ ಏಳನ್ನೂ ತಿಂದೆ. ಕೊನೆಯ ಅಕ್ಷರವೂ ಬಂದು ಸೇರಿದ ಮೇಲೆ ತಾವು ಪರದೆಯ ಮೇಲೆ ‘ಲೆಕ್ಕ ಸರಿಯಿಲ್ಲ’ ಎಂದು ಬರೆದು ಎಲ್ಲವನ್ನೂ ಒರೆಸಿಹಾಕಿದಿರಿ. ಮತ್ತೆ ಶುರು, ಮತ್ತೆ ಏಳು ಬಿಸ್ಕತ್ತು, ಮತ್ತೆ ‘ಲೆಕ್ಕ ಸರಿಯಿಲ್ಲ’. ಇಪ್ಪತ್ತೊಂದನೆಯ ಬಿಸ್ಕತ್ತಿನ ಹೊತ್ತಿಗೆ ಯೆರ್ಕೆರ್ ಬಂದು ಎರಡು ಪರದೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ತೊಡೆ ತಟ್ಟಿಕೊಂಡು ನಕ್ಕ.

“ದಾಗ್ನಿ, ನಿನ್ನ ಪೆಟ್ಟಿಗೆ ಇದನ್ನ ಸ್ವೀಡಿಷ್ ಅಂದ್ಕೊಂಡು ತಿದ್ದಿ ತಿದ್ದಿ ಕಳಿಸ್ತಾ ಇದೆಯಲ್ಲೇ!”

“ತಿದ್ದದೆ ಇರುತ್ತಾ? ಸ್ತೋತ್ರದ ಪುಸ್ತಕ ಅಚ್ಚು ಹಾಕ್ದಾಗ ಪಾದ್ರಿಗಳೇ ಹೊಗಳಿದ್ರು, ಒಂದು ತಪ್ಪಿಲ್ಲ ಅಂತ,” ಎಂದಳು ದಾಗ್ನಿ.

ತಮ್ಮ ಕಾಲದ ಪರದೇಶದ ಯಂತ್ರಗಳಲ್ಲಿ ನಮ್ಮ ವರ್ಣಮಾಲೆಯ ಕೊನೆಯ ಮೂರು ಅಕ್ಷರಗಳಿಗೆ ಜಾಗವನ್ನೇ ಇಟ್ಟಿರಲಿಲ್ಲ. ಅದಕ್ಕೆ ನಮ್ಮವರು ಯಾರಿಗೂ ಬೇಡದ ಕೆಲವು ಆವರಣ ಚಿಹ್ನೆಗಳನ್ನು ಎಬ್ಬಿಸಿ ಆ ಕುರ್ಚಿಗಳಲ್ಲಿ ನಮ್ಮ ಅಕ್ಷರಗಳನ್ನು ಕೂರಿಸಿಕೊಂಡಿದ್ದರು. ದಾಗ್ನಿ ತನ್ನ ಯಂತ್ರಕ್ಕೆ, ಕೇಬಲ್ಲಿನಲ್ಲಿ ಏನೇ ಹೊರಗೆ ಹೋದರೂ ಆ ಚಿಹ್ನೆ ಕಂಡಲ್ಲಿ ನಮ್ಮ ಅಕ್ಷರ ಹಾಕತಕ್ಕದ್ದು ಎಂದು ೧೯೮೯ರಲ್ಲೇ ಕಟ್ಟಪ್ಪಣೆ ಕೊಟ್ಟಿದ್ದಳು. ಅದುಮಿದ ಫೈಲು ಯಾವ ಭಾಷೆಯೂ ಅಲ್ಲ, ಬರೀ ಗುರುತುಗಳ ರಾಶಿ. ಅದರಲ್ಲೊಂದು ಗುರುತು ಬದಲಾದರೂ ಇಡೀ ಗಂಟು ಬಿಚ್ಚುವುದಿಲ್ಲ. ಆ ಅಪ್ಪಣೆಯನ್ನು ರದ್ದು ಮಾಡಿದ ಮೇಲೆ ನಾಲ್ಕನೆಯ ಬಾರಿಗೆ ತಾವು ತುಂಡನ್ನು ಒಪ್ಪಿಕೊಂಡಿರಿ. ಬಿಸ್ಕತ್ತಿನ ಲೆಕ್ಕ ಹೇಳಲಾರೆ.

ಯೆರ್ಕೆರ್‌ನ ಮನೆಯಲ್ಲಿ ನಮಗೆ ಅಷ್ಟು ಕಷ್ಟವಾಗಲಿಲ್ಲ, ಅವನ ಹೆಂಡತಿಯ ತಾಳ್ಮೆಗೆ ಆಯಿತು. ಫ್ಲಾಪಿಯನ್ನು ತಂಪಾದ ಜಾಗದಲ್ಲಿಡು ಎಂದು ಮೇಷ್ಟ್ರು ಹೇಳಿದ್ದನ್ನು ಆತ ಅಕ್ಷರಶಃ ನಡೆಸಿ, ಮೂವತ್ಮೂರು ವರ್ಷ ಫ್ರೀಜರಿನ ತಳದಲ್ಲಿ ಎಲ್ಕ್ ಜಿಂಕೆಯ ಮಾಂಸದ ಕೆಳಗೆ ಇಟ್ಟಿದ್ದ. “ಮೂರು ಫ್ರೀಜರ್ ಬದಲಾಯ್ಸಿದ್ದೀನಿ, ಮೂರರಲ್ಲೂ ಇದೇ ಮೊದ್ಲು ಒಳಗೆ ಹೋಗಿದ್ದು,” ಎಂದು ಹೆಮ್ಮೆಯಿಂದ ಹೇಳಿ, ಮಾಂಸದ ಪೊಟ್ಟಣಗಳನ್ನೆಲ್ಲ ಅಡುಗೆಮನೆಯ ನೆಲಕ್ಕೆ ಹಾಕಿ, ಅದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಎರಡು ದಿನ ನಿಧಾನವಾಗಿ ಬೆಚ್ಚಗೆ ಮಾಡಿದ. ಒಂದು ಗೀರೂ ಇಲ್ಲದೆ ಓದಿತು. ಆಟದ ಯಂತ್ರ ಪ್ರತಿ ಸಾಲು ಕಳಿಸಿದಾಗಲೂ ಗೆದ್ದವರಂತೆ ಒಂದು ತುತ್ತೂರಿ ಊದುತ್ತಿತ್ತು, ತಾವು ಅದನ್ನು ಗಂಭೀರವಾಗಿ ಸಹಿಸಿಕೊಂಡಿರಿ.

ಮೇ ಹದಿಮೂರರ ಮಧ್ಯಾಹ್ನ, ಬಡಗಿಗಳು ಬರಲು ಒಂದೇ ದಿನ ಉಳಿದಿದ್ದಾಗ, ತಮ್ಮನ್ನೂ ಸೂಜಿಗಳಿಂದ ಅಕ್ಷರ ಕುಟ್ಟುವ ಮೇಷ್ಟ್ರ ಪ್ರಿಂಟರನ್ನೂ ಒಲೆಮನೆಗೇ ತಂದೆವು. ಮಾಯ್ವೋರ್ ಹಿಟ್ಟಿನ ಮೇಜನ್ನು ಒರೆಸಿ ತಮಗೆ ಬಿಟ್ಟುಕೊಟ್ಟಳು. ಆಕೆ ಆಗಲೇ ತನ್ನ ಬಟ್ಟೆಗಳನ್ನು ಆ ಹಳೆಯ ಪೆಟ್ಟಿಗೆಗೆ ಮಡಚಿಟ್ಟಿದ್ದಳು, ಅದು ಬಾಗಿಲ ಪಕ್ಕದಲ್ಲಿ ನಿಂತಿತ್ತು. ದಂತವೈದ್ಯ ಟೋಪಿ ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತ. ತಾವು ಮೂರು ತುಂಡುಗಳನ್ನು ಒಂದು ಮಾಡಿ, ಒಂದು ಗಂಟೆ ಗುರುಗುಟ್ಟಿ, ಹದಿನಾಲ್ಕು ವರ್ಷಗಳನ್ನು ಬಿಚ್ಚಿದಿರಿ. ೧೯೮೪ನ್ನು ಹುಡುಕಿ ಅಚ್ಚಿಗೆ ಕೊಟ್ಟೆವು. ಪ್ರಿಂಟರ್ ಕಿರುಚುತ್ತ ಒಂದೊಂದೇ ಸಾಲು ಹೊರಹಾಕತೊಡಗಿತು, ದಾಗ್ನಿ ಚರ್ಚಿನ ದನಿಯಲ್ಲಿ ಓದತೊಡಗಿದಳು.

‘ಏಳನೆಯ ವಿಷಯ. ಒಲೆಮನೆಯ ಕೋಣೆಯನ್ನೂ ಒಲೆಯ ಹೊಣೆಯನ್ನೂ ಮಾಯ್ವೋರ್ ಅವರಿಗೆ ಜೀವಿತಾವಧಿಗೆ ಕೊಡಲು ಸಭೆ ನಿರ್ಣಯಿಸಿತು.’

ಯೆರ್ಕೆರ್ ಸಿಳ್ಳೆ ಹಾಕಿದ. ಮಾಯ್ವೋರ್ ಕುಳಿತುಬಿಟ್ಟಳು. ಮಾನ್ಯರೇ, ಇಲ್ಲಿಯವರೆಗೆ ನನ್ನ ದೂರು ಏನೂ ಇಲ್ಲ, ಇಲ್ಲಿಗೆ ತಾವು ಎಂದಿನಂತೆ ಕೆಟ್ಟು ನಿಂತಿದ್ದರೆ ತಮ್ಮ ವಿಗ್ರಹ ಮಾಡಿಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಏಕೆಂದರೆ ಮುಂದಿನ ಸಾಲು ಏನೆಂದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು. ತಮ್ಮ ವಿದ್ಯುತ್ ಪ್ಲಗ್ಗು ನನ್ನ ಬಲಗಾಲಿನ ಬೂಟಿನಿಂದ ಗೇಣು ದೂರದಲ್ಲಿತ್ತು, ಬೂಟು ತನ್ನಷ್ಟಕ್ಕೆ ಆ ಕಡೆ ಜರುಗಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆದರೆ ಕಾರ್ಯದರ್ಶಿಯ ಹೆಸರು ಇನ್ನೂ ಅಚ್ಚಾಗಿರಲಿಲ್ಲ. ಹೆಸರಿಲ್ಲದ ಕಾಗದವನ್ನು ದಂತವೈದ್ಯ ಒಪ್ಪುವವನಲ್ಲ. ಆ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಪ್ರಿಂಟರ್ ಒಮ್ಮೆ ಉಸಿರು ತೆಗೆದುಕೊಂಡು ಮುಂದುವರಿಯಿತು.

‘ವಿರೋಧ: ಒಂದು. ಸಿಕ್ಸ್ಟೆನ್ ಫಾಗೆರ್ಲಿಂಡ್. ಕಾರಣ: ಒಲೆಯ ಹೊಗೆಯಿಂದ ತನ್ನ ಅಂಗಳದಲ್ಲಿ ಒಣಹಾಕಿದ ಬಟ್ಟೆ ಕೊಳೆಯಾಗುತ್ತದೆ. ಅಲ್ಲದೆ, ಎಲ್ಲಿಂದಲೋ ಬಂದವರಿಗೆ ಇಂದು ಒಂದು ಕೋಣೆ ಕೊಟ್ಟರೆ ನಾಳೆ ಇಡೀ ಊರನ್ನೇ ಕೇಳುತ್ತಾರೆ. ಕಾರ್ಯದರ್ಶಿ: ಫೋಲ್ಕೆ.’

ದಾಗ್ನಿ ಓದುವುದನ್ನು ರೂಢಿಬಲದಿಂದ ಪೂರ್ತಿ ಮುಗಿಸಿದ ಮೇಲೆಯೇ ಓದಿದ್ದೇನೆಂದು ಅವಳಿಗೆ ತಿಳಿದದ್ದು. ದಂತವೈದ್ಯ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ, ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡ.

“ಒಕ್ಕೊರಲಿಂದ ಅಂದಿದ್ದೆಯಲ್ಲಾ ಸಿಕ್ಸ್ಟೆನ್?” ಎಂದ. ನಂತರ ಮಾಯ್ವೋರ್ ಕಡೆ ತಿರುಗಿ, “ಬಡಗಿಗಳಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ. ನೀನು ಪೆಟ್ಟಿಗೆ ಬಿಚ್ಚಿಡು,” ಎಂದು ಹೇಳಿ ಹೊರಟುಹೋದ.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಮೂವತ್ತೆರಡು ವರ್ಷದ ಅಂಚೆಯವನೊಬ್ಬ ತನ್ನ ನಾಲ್ಕು ಬಿಳಿ ಅಂಗಿಗಳ ಚಿಂತೆಯಲ್ಲಿ ಆಡಿದ ಮಾತು ಅದು. ಆಡಿದ ವಾರದೊಳಗೆ ಅದಕ್ಕೆ ನಾಚಿಕೆಪಟ್ಟಿದ್ದೆ, ಮತ್ತು ನಾಚಿಕೆಯಾದಾಗ ಹೆಚ್ಚಿನವರು ಮಾಡುವುದನ್ನೇ ಮಾಡಿದ್ದೆ, ಎಂದರೆ ಹಾಗೆ ಹೇಳಿಯೇ ಇಲ್ಲ ಎಂಬಂತೆ ಇದ್ದುಬಿಟ್ಟಿದ್ದೆ. ಕಾಗದ ಸುಟ್ಟ ದಿನ ಹಾಡು ಹಾಡಿದವರಲ್ಲಿ ನನ್ನ ದನಿಯೇ ಎಲ್ಲರಿಗಿಂತ ದೊಡ್ಡದಾಗಿತ್ತು. ಆಕೆ ಪ್ರತಿ ಶನಿವಾರ ನಮ್ಮ ಮನೆಗೆ ರೈ ಧಾನ್ಯದ ಒಂದು ಬ್ರೆಡ್ಡು ತಂದುಕೊಡುತ್ತಾಳೆ, ನಲವತ್ತೊಂದು ವರ್ಷಗಳಿಂದ.

“ಯಾಕೆ ಹಂಗೆ ನೆಲ ನೋಡ್ತಾ ನಿಂತಿದ್ದೀಯ?” ಎಂದಳು ಮಾಯ್ವೋರ್. “ಅದು ನಂಗೆ ಆವತ್ತೇ ಗೊತ್ತಿತ್ತು. ನೀವೆಲ್ಲ ಸಭೆ ಮಾಡ್ತಿದ್ದಾಗ ನಾನು ಕಿಟಕಿ ಹೊರಗೇ ಕಾಫಿ ಲೋಟ ತೊಳೀತಿದ್ದೆ. ಅದಕ್ಕೇ ಅಲ್ವಾ, ನಿನ್ನ ಬ್ರೆಡ್ಡನ್ನ ಯಾವಾಗ್ಲೂ ಒಲೆಯ ಹಿಂದಿನ ಮೂಲೆಗೆ ತಾಗಿಸಿ ಇಡೋದು? ಒಂದು ಮಗ್ಗುಲು ಸೀಯ್ಲಿ ಅಂತ.”

ನಲವತ್ತೊಂದು ವರ್ಷ ನಾನು ರೈ ಬ್ರೆಡ್ಡು ಎಂದರೆ ಒಂದು ಮಗ್ಗುಲು ಸೀದೇ ಇರುತ್ತದೆ ಎಂದು ನಂಬಿದ್ದೆ. ನನ್ನ ತಂಗಿ ತನ್ನೂರಿಂದ ಬಂದಾಗ ‘ಇದೇನೋ ಇದ್ದಿಲು’ ಎಂದದ್ದಕ್ಕೆ, ಒಳ್ಳೆಯ ಬ್ರೆಡ್ಡು ಹೀಗೇ ಇರುವುದು ಎಂದು ಅವಳೊಂದಿಗೆ ಜಗಳವಾಡಿದ್ದೆ. ದಾಗ್ನಿ ಮತ್ತು ಯೆರ್ಕೆರ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಬ್ಬರ ಮನೆಯ ಬ್ರೆಡ್ಡು ನಾಲ್ಕು ಮಗ್ಗುಲೂ ಹದವಾಗಿರುತ್ತದಂತೆ. ನಗಲು ಶುರುಮಾಡಿದವಳು ಮಾಯ್ವೋರ್, ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

ಆದ್ದರಿಂದ, ಪರಮ ಪ್ರಾಮಾಣಿಕರೇ, ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ಐವತ್ತಾರು ಬಾರಿಯ ಜಲ್ಲಿಯ ಮಾತನ್ನು ಒಂದಕ್ಕೆ ಇಳಿಸುವ ಬುದ್ಧಿವಂತಿಕೆ ತಮಗಿರುವಾಗ, ಒಮ್ಮೆ ಬಂದ ನನ್ನ ಮಾತನ್ನು ಸೊನ್ನೆಗೆ ಇಳಿಸಿಕೊಡಬೇಕು. ಅದು ತಮ್ಮ ಘನತೆಗೆ ಕುಂದು ಎನಿಸಿದರೆ, ಆ ವಿರೋಧವನ್ನು ಊರಿನಲ್ಲಿ ತೀರಿಕೊಂಡ ಬೇರೆ ಯಾರಾದರೂ ಒಬ್ಬರ ಹೆಸರಿಗೆ ಬರೆಯಬೇಕು. ಅವರ್‍ಯಾರೂ ತಕರಾರು ಮಾಡುವುದಿಲ್ಲ. ಅದೂ ಆಗದಿದ್ದಲ್ಲಿ, ತಾವು ಮರ್ಯಾದೆಯಾಗಿ ಹೊಗೆಯಾಡಿ ಒಳಗಿಂದೊಳಗೇ ಸುಟ್ಟುಹೋಗಬೇಕು, ನನ್ನ ಅಂಗಳದ ಬಟ್ಟೆಗೆ ತಾಗಿದರೂ ಚಿಂತೆಯಿಲ್ಲ. ಇನ್ನು ಫೋಲ್ಕೆ ಮೇಷ್ಟ್ರು ತಮ್ಮನ್ನು ನನಗೇ ಏಕೆ ಬರೆದಿಟ್ಟರು ಎಂಬುದು ಈಗ ಅರ್ಥವಾಗಿದೆ. ಅವರ ಪಾಠ ಶಾಲೆಯಲ್ಲೂ ನನಗೆ ತಡವಾಗಿಯೇ ಹತ್ತುತ್ತಿತ್ತು.

ಇಷ್ಟಾದರೂ, ತಾವು ಇಲ್ಲದಿದ್ದರೆ ಇಂದು ಆ ಕೋಣೆಯಲ್ಲಿ ದಂತವೈದ್ಯನ ಅತಿಥಿಗಳು ಇರುತ್ತಿದ್ದರು ಎಂಬುದನ್ನು ಹಲ್ಲು ಕಚ್ಚಿಕೊಂಡು ಒಪ್ಪಿಕೊಳ್ಳುತ್ತೇನೆ.

ಇಂತಿ, ಇಷ್ಟು ಬರೆದ ಮೇಲೂ ವಿಶ್ವಾಸ ಉಳಿದಿದ್ದರೆ ತಮ್ಮ ವಿಶ್ವಾಸಿ,
ಸಿಕ್ಸ್ಟೆನ್ ಫಾಗೆರ್ಲಿಂಡ್
ನಿವೃತ್ತ ಅಂಚೆಯವನು, ‘ವಿರೋಧ: ಒಂದು’

ತಾ.ಕ.: ಈ ಶನಿವಾರ ಮಾಯ್ವೋರ್ ತಂದ ಬ್ರೆಡ್ಡು ನಾಲ್ಕು ಮಗ್ಗುಲೂ ಒಂದೇ ಬಣ್ಣಕ್ಕೆ ಬೆಂದಿತ್ತು. ಮೂರು ಹೋಳು ತಿಂದು ನೋಡಿದೆ, ಯಾರದೋ ಮನೆಯ ಬ್ರೆಡ್ಡು ತಿಂದಂತಾಯಿತು. ಸಂಜೆ ಒಲೆಮನೆಗೆ ಹೋಗಿ, ನನ್ನದನ್ನು ಮೊದಲಿನ ಮೂಲೆಯಲ್ಲೇ ಇಡು ಎಂದು ಕೇಳಿಕೊಂಡು ಬಂದಿದ್ದೇನೆ. ನಲವತ್ತೊಂದು ವರ್ಷಗಳಲ್ಲಿ ಆಕೆಯ ಮುಂದೆ ನಾನು ತಪ್ಪಾಯಿತು ಎಂದದ್ದೂ ಆಗಲೇ ಮೊದಲು. ಮೇಲಿನ ವಿನಂತಿಗಳನ್ನು ಹಿಂತೆಗೆದುಕೊಂಡಿದ್ದೇನೆ, ಆ ಸಾಲನ್ನು ಮುಟ್ಟಬೇಡಿ.